ಖಾಲಿ ಮಾಡಿಟ್ಟ ಬಂದೂಕು

ಮೊಂಟಾನಾದ ನಮ್ಮ ಈ ಮೂಲೆಯಲ್ಲಿ ಹೊಸದಾಗಿ ಬಂದೂಕು ಕೊಂಡವರಿಗೆ ಬುದ್ಧಿ ಹೇಳದೆ ಮುಂದೆ ಹೋಗುವವರು ಯಾರೂ ಇಲ್ಲ. ಬಾಣಂತಿಗೂ ಅಷ್ಟು ಜನ ಬುದ್ಧಿ ಹೇಳುವುದಿಲ್ಲ. ರೆನೇ ಟ್ವೇಟ್ ಏಪ್ರಿಲ್ ತಿಂಗಳ ಮೊದಲ ಶನಿವಾರ ಪೇಟೆಯಿಂದ ರೈಫಲ್ ತರುತ್ತಿದ್ದಾಳೆ ಎನ್ನುವುದು ಅವಳ ಗಾಡಿ ಮನೆ ಸೇರುವ ಮೊದಲೇ ಕಣಿವೆಗೆಲ್ಲ ಗೊತ್ತಾಗಿತ್ತು. ಸೇತುವೆಯ ಹತ್ತಿರ ಪಕ್ಕದ ರ್‍ಯಾಂಚಿನ ಡೆಲ್ಬರ್ಟ್ ತನ್ನ ಟ್ರ್ಯಾಕ್ಟರನ್ನು ರಸ್ತೆಗೆ ಅಡ್ಡ ನಿಲ್ಲಿಸಿಯೇ ಮಾತಾಡಿಸಿದ.

“ತಾನೇ ತುಂಬಿಕೊಳ್ಳೋ ಜಾತೀದು ತಗೊಂಡ್ಯಂತೆ?”

“ಹೌದು.”

“ಅಗ್ಗದ ತೋಟಾ ಹಾಕ್ಬೇಡ, ಸಿಕ್ಕಿಹಾಕ್ಕೊಳ್ಳುತ್ತೆ. ನಾಲ್ಕು ಹೊಡೆದ ಮೇಲೆ ನಳಿಗೆ ಮುಟ್ಬೇಡ, ಬಾಣಲೆ ಥರ ಕಾದಿರುತ್ತೆ. ನಿಮ್ಮ ಮಾವ ಏನಂದ್ರು?”

“ಇನ್ನೂ ನೋಡಿಲ್ಲ.”

“ಅಯ್ಯೋ ದೇವ್ರೇ,” ಎಂದು ಡೆಲ್ಬರ್ಟ್ ದಾರಿ ಬಿಟ್ಟ.

ಬಂದೂಕು ಕೊಳ್ಳುವ ಆಸೆ ರೆನೇಗೆ ಯಾವತ್ತೂ ಇರಲಿಲ್ಲ. ಕುರಿ ಈಯಲು ಶುರುವಾಗಿ ಎರಡು ವಾರದಲ್ಲಿ ನರಿಯಂಥ ಕಯೋಟಿಗಳು ಹನ್ನೊಂದು ಮರಿಗಳನ್ನು ಹೊತ್ತೊಯ್ದಿದ್ದವು. ಗಂಡ ಲೈಲ್ ಪೂರ್ವದ ಎಣ್ಣೆ ಬಾವಿಗಳಲ್ಲಿ ಎರಡು ವಾರ ಕೆಲಸ ಮಾಡಿ, ಎರಡು ವಾರ ಮನೆಯಲ್ಲಿರುತ್ತಿದ್ದ. ಕಯೋಟಿಗಳಿಗೂ ಅವನ ಪಾಳಿ ಗೊತ್ತಿದ್ದಂತೆ, ಅವನು ಹೊರಟ ಮಾರನೆಯ ಬೆಳಿಗ್ಗೆಯೇ ಬರುತ್ತಿದ್ದವು. ಮನೆಯಲ್ಲಿದ್ದದ್ದು ಮಾವ ಹಾಲ್ವರನ ಹಳೆಯ ರೈಫಲ್ ಒಂದೇ. ಪ್ರತಿ ಗುಂಡಿಗೂ ಕೈಯಿಂದ ಚಿಲಕ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಬೇಕಾದದ್ದು. ಅದು ಮುದುಕನ ಭುಜದ ಅಳತೆಗೆ ಕೊಯ್ದದ್ದು. ರೆನೇಯ ಭುಜಕ್ಕೆ ಹೇಸರಗತ್ತೆ ಒದ್ದ ಹಾಗೆ ಒದೆಯುತ್ತಿತ್ತು. ಹಾಲ್ವರನಿಗೆ ಎಪ್ಪತ್ತೆಂಟು. ಭುಜ ಗಟ್ಟಿಯಾಗಿತ್ತು, ಕಣ್ಣು ಹೋಗಿತ್ತು. ಮಾರ್ಚ್‌ನಲ್ಲಿ ಅವನು ಕಯೋಟಿ ಎಂದು ಹೊಡೆದದ್ದು ನೀರಿನ ತೊಟ್ಟಿಗೆ ಬಿದ್ದಿತ್ತು.

ಬಂದೂಕಿನ ಅಂಗಡಿಯ ವೆಲ್ಡಾ ದುಡ್ಡು ಮುಟ್ಟುವ ಮೊದಲು ರೆನೇಯಿಂದ ಪಾಠ ಒಪ್ಪಿಸಿಕೊಂಡಳು. ಅರವತ್ತು ದಾಟಿದ ಹೆಂಗಸು. ಕನ್ನಡಕವನ್ನು ದಾರಕ್ಕೆ ಕಟ್ಟಿ ಎದೆಯ ಮೇಲೆ ಇಳಿಬಿಟ್ಟಿದ್ದಳು.

“ಖಾಲಿ ಮಾಡೋದು ಹ್ಯಾಗೆ, ಹೇಳು.”

“ಮೊದಲು ಕೆಳಗಿನ ತೋಟಾ ಡಬ್ಬಿ ತೆಗೀಬೇಕು. ಆಮೇಲೆ ಚಿಲಕ ಎಳೆದು ಹಿಂದಕ್ಕೆ ನಿಲ್ಲಿಸ್ಬೇಕು. ಆಮೇಲೆ ಕಣ್ಣಲ್ಲಿ ನೋಡ್ಬೇಕು.”

“ಆಮೇಲೆ?”

“ಗುಂಡು ಕೂರೋ ಗೂಡಿಗೆ ಕಿರುಬೆರಳು ಹಾಕಿ ನೋಡ್ಬೇಕು.”

“ಈ ಸಾಲು ಮಾತ್ರ ತಪ್ಪಿಸ್ಬೇಡ ಕಣೆ. ಡಬ್ಬಿ ಒಳಗೇ ಇದ್ದಾಗ ಚಿಲಕ ಎಳೆದುಬಿಟ್ರೆ ಒಂದು ತೋಟಾ ಹೊರಕ್ಕೆ ಹಾರುತ್ತೆ, ಅದರ ಬೆನ್ನಿಗೇ ಇನ್ನೊಂದು ಒಳಗೆ ಹೋಗಿ ಕೂತ್ಕೊಳ್ಳುತ್ತೆ. ಆಮೇಲೆ ಡಬ್ಬಿ ಕಿತ್ತು, ಖಾಲಿ ಆಯ್ತು ಅಂತಾರೆ. ಹಂಗೆ ಅಂದೋರಲ್ಲಿ ಹೊಸಬರಿಗಿಂತ ಹಳಬರೇ ಹೆಚ್ಚು.” ವೆಲ್ಡಾ ಕನ್ನಡಕ ಏರಿಸಿ ಅವಳನ್ನು ನೋಡಿದಳು. “ಖಾಲಿ ಅಂತ ಯಾರಾದ್ರೂ ಕೈಗೆ ಕೊಟ್ರೆ ನಂಬ್ಬೇಡ. ಗಂಡ ಕೊಡ್ಲಿ, ಪಾದ್ರಿ ಕೊಡ್ಲಿ, ನಾನೇ ಕೊಡ್ಲಿ. ನೀನೇ ಮತ್ತೆ ನೋಡ್ಬೇಕು.”

ಸಂಜೆ ಊಟಕ್ಕೆ ಮಾಂಸದ ಪಲ್ಯ, ಬೇಯಿಸಿ ಹಿಸುಕಿದ ಆಲೂಗಡ್ಡೆ, ಡಬ್ಬಿಯ ಹುರುಳಿಕಾಯಿ ಇದ್ದವು. ಹಾಲ್ವರ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೊಸ ರೈಫಲನ್ನು ತೊಡೆಯ ಮೇಲೆ ಇಟ್ಟುಕೊಂಡ. ತೂಕ ನೋಡಿದ. ಹಿಡಿಯನ್ನು ಉಗುರಿನಿಂದ ತಟ್ಟಿದ.

“ಪ್ಲಾಸ್ಟಿಕ್ಕು.”

“ಅದಕ್ಕೇ ಹಗುರ, ಮಾವ.”

“ಬಕೀಟೂ ಪ್ಲಾಸ್ಟಿಕ್ಕೇ, ಹಗುರಾನೇ. ಇದು ಗುರಿ ತಪ್ಪುತ್ತೆ ಅಂತ ಮೊದ್ಲೇ ಗೊತ್ತಿರೋರಿಗೆ ಮಾಡಿದ್ದು. ಒಂದು ತಪ್ಪಿದ್ರೆ ಇನ್ನೊಂದು, ಇನ್ನೊಂದು ತಪ್ಪಿದ್ರೆ ಮತ್ತೊಂದು. ನಮ್ಮಪ್ಪ ಬೆಳಿಗ್ಗೆ ಎರಡೇ ತೋಟಾ ಕೈಗೆ ಕೊಡೋನು.”

“ನೀರಿನ ತೊಟ್ಟಿಗೆ ಒಂದು, ಕಯೋಟಿಗೆ ಒಂದಾ ಅಜ್ಜ?” ಎಂದಳು ಮೊಮ್ಮಗಳು ಬ್ರಿನ್. ಅವಳಿಗೆ ಹದಿನಾರು, ನಾಲಿಗೆಗೆ ಅದಕ್ಕಿಂತ ಹೆಚ್ಚು.

“ನೀನು ತಟ್ಟೆ ನೋಡ್ಕೊಂಡು ಉಣ್ಣು.”

“ಇದನ್ನ ಬೀಗ ಹಾಕಿ ಇಡೋಣ ಅಂತಿದೀನಿ,” ಎಂದಳು ರೆನೇ. “ಕಬ್ಬಿಣದ ಬೀರು ಹೇಳಿ ಬಂದಿದೀನಿ. ಸೋಮವಾರ ತಂದುಕೊಡ್ತಾರೆ. ನಿಮ್ಮದನ್ನೂ ಅದರಲ್ಲೇ ಇಡೋಣ.”

ಹಾಲ್ವರ್ ತಲೆ ಎತ್ತಿದ. ಅವನ ರೈಫಲ್ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದು ಐವತ್ತು ವರ್ಷವಾಗಿತ್ತು. ಅಲ್ಲಿ ಗೋಡೆಯ ಬಣ್ಣವೂ ಬಂದೂಕಿನ ಆಕಾರದಲ್ಲೇ ಉಳಿದಿತ್ತು.

“ಬೀಗದ ಕೈ ಯಾರ ಹತ್ರ?”

ರೆನೇ ಉತ್ತರ ಹೇಳುವ ಮೊದಲು ಆಲೂಗಡ್ಡೆ ಬಡಿಸಿದಳು. “ನನ್ನ ಹತ್ರ ಇರುತ್ತೆ, ಮಾವ.”

“ಹಂಗೆ ಬಾ ದಾರಿಗೆ. ಒಲೆಯ ಗುಂಡಿ ಕಿತ್ಕೊಂಡಿದ್ದಾಯ್ತು, ಗಾಡಿ ಕೀಲಿನೂ ಆಯ್ತು, ಈಗ ಇದು.”

 ಫೆಬ್ರವರಿಯಲ್ಲಿ ಮುದುಕ ಕಾಫಿಯ ಪಾತ್ರೆಯನ್ನು ಒಲೆಯ ಮೇಲಿಟ್ಟು ದೊಡ್ಡಿಗೆ ಹೋಗಿ ಮರೆತಿದ್ದ. ಪಾತ್ರೆ ಕರಗಿ ಒಲೆಗೆ ಅಂಟಿಕೊಂಡಿತ್ತು. ಪರದೆಗೆ ಬೆಂಕಿ ಹತ್ತುವುದು ಗೇಣು ದೂರದಲ್ಲಿ ತಪ್ಪಿತ್ತು. ಆವತ್ತು ಲೈಲ್ ಅಪ್ಪನ ಎದುರಿಗೇ ಹೇಳಿದ್ದ: “ಇನ್ನೊಂದು ಸಲ ಇಂಥದ್ದು ಆದ್ರೆ ಪೇಟೆಯ ಮುದುಕರ ಆರೈಕೆ ಮನೆಗೆ ಹೆಸರು ಬರೆಸ್ತೀನಿ. ನಾನು ಅಲ್ಲಿ ಬಾವಿ ಮೇಲೆ ನಿಂತು ಇಲ್ಲಿ ಮನೆ ಸುಟ್ಟುಹೋಯ್ತಾ ಅಂತ ಯೋಚಿಸೋಕಾಗಲ್ಲ.” ಆರೈಕೆ ಮನೆಯವರು ಕಳಿಸಿದ ಬಣ್ಣದ ಕಾಗದ ಇನ್ನೂ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ಹಾಲ್ವರ್ ದಿನಾ ಹಾಲು ತೆಗೆಯುವಾಗ ಅದನ್ನು ನೋಡುತ್ತಿದ್ದ. 

ಬೀರು ಬಂತು. ಅಡುಗೆಮನೆಯ ಮೂಲೆಯಲ್ಲಿ, ಹಿಂದಿನ ಪಡಸಾಲೆಗೆ ತಾಗಿದ ಗೋಡೆಯ ಪಕ್ಕದಲ್ಲಿ ಅದನ್ನು ನಿಲ್ಲಿಸಿದರು. ಮುದುಕ ತನ್ನ ರೈಫಲನ್ನು ಮೊಳೆಯಿಂದ ಇಳಿಸಿ, ಚಿಲಕ ತೆರೆದು, ಸೊಸೆಯ ಕೈಗೆ ಕೊಟ್ಟ. ಆ ಮನೆಯಲ್ಲಿ ಬಂದೂಕು ಕೈ ಬದಲಾಗುವುದೇ ಹಾಗೆ. ಚಿಲಕ ತೆರೆದು ಕೊಡಬೇಕು. ಒಳಗಿಡುವ ಮೊದಲು ಅವನೇ ಚಿಲಕ ಮುಚ್ಚಿ, ನಳಿಗೆಯನ್ನು ಗೋಡೆಗೆ ತಿರುಗಿಸಿ, ಟ್ರಿಗರ್ ಎಳೆದ. ಟಕ್ ಎಂದಿತು.

“ಇದ್ಯಾಕೆ ಮಾವ?”

“ಸ್ಪ್ರಿಂಗು ಬಿಗಿದುಕೊಂಡೇ ಕೂತ್ರೆ ಸುಸ್ತಾಗುತ್ತೆ. ಎತ್ತನ್ನ ನೊಗದಲ್ಲೇ ಮಲಗಿಸ್ತಾರಾ? ಇಡೋ ಮುಂಚೆ ಇಳಿಸಿ ಇಡ್ಬೇಕು. ನಮ್ಮಪ್ಪನ ಕಾಲದಿಂದ ಹಿಂಗೇ.”

ವೆಲ್ಡಾ ಇದನ್ನು ಹೇಳಿರಲಿಲ್ಲ. ಹೇಳದ್ದರಿಂದ ಇದೂ ಒಂದು ಬುದ್ಧಿಮಾತೇ ಇರಬೇಕೆಂದು ರೆನೇ ಉಳಿದವುಗಳ ಜೊತೆ ಸೇರಿಸಿಕೊಂಡಳು.

ಮಾರನೆಯ ದಿನ ಹುಲ್ಲಿನ ಮೆದೆಯ ಹಿಂದಿನ ದಿಬ್ಬಕ್ಕೆ ಗುರಿ ಇಟ್ಟು ಕಲಿಯಲು ಹೋದರು. ಹಾಲ್ವರ್ ಬರುವುದಿಲ್ಲ ಎಂದವನು ಎಲ್ಲರಿಗಿಂತ ಮೊದಲು ಹೋಗಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದ. ರೆನೇ ಪಿಕಪ್ಪಿನ ಮೂತಿಯ ಮೇಲೆ ಗೋಣಿಚೀಲ ಇಟ್ಟು, ರೈಫಲ್ ಊರಿ ಮೂರು ಗುಂಡು ಪಟಪಟನೆ ಹಾರಿಸಿದಳು. ಮೂರೂ ರಟ್ಟಿನ ಡಬ್ಬ ಬಿಟ್ಟು ಬೇರೆಲ್ಲ ಕಡೆ ಮಣ್ಣು ಎಬ್ಬಿಸಿದವು.

“ದಿಬ್ಬ ಸತ್ತುಹೋಯ್ತು,” ಎಂದ ಹಾಲ್ವರ್.

“ನಗಿಸ್ಬೇಡಿ ಮಾವ, ಕೈ ಅಲ್ಲಾಡುತ್ತೆ.”

“ಎರಡನೇದು ಇದೆ ಅಂತ ಮೊದಲನೇದನ್ನ ಹಾಳು ಮಾಡ್ತಿದೀಯ. ಒಂದೇ ಇದೆ ಅಂದ್ಕೋ. ಉಸಿರು ಅರ್ಧ ಬಿಡು. ಟ್ರಿಗರ್ ಎಳೀಬೇಡ, ಕುರಿ ಕೆಚ್ಚಲು ಹಿಂಡ್ತೀಯಲ್ಲ, ಹಂಗೆ ಹಿಂಡು. ಹೊಡೆಯೋ ಮುಂಚೆ ಅದರ ಹಿಂದೆ ಏನಿದೆ ನೋಡ್ಕೋ. ಬೆನ್ನಿಗೆ ಮಣ್ಣಿಲ್ಲ ಅಂದ್ರೆ ಬಿಟ್ಬಿಡು, ಕಯೋಟಿ ನಾಳೆನೂ ಬರುತ್ತೆ.”

ಮುಂದಿನ ಗುಂಡು ಡಬ್ಬದ ಮೂಲೆ ಹರಿಯಿತು. ಅದರ ಮುಂದಿನದು ನಡುವೆಯೇ ಹೊಕ್ಕಿತು. ಮುದುಕನ ಮುಖ ತುಸು ಸಡಿಲವಾಯಿತು. ತಾನೂ ಒಮ್ಮೆ ಹಿಡಿದು ನೋಡುತ್ತೇನೆಂದು ಈಸಿಕೊಂಡ. ಒಂದೇ ಗುಂಡು ಹಾರಿಸಿ, ಡಬ್ಬಿ ತೆಗೆದು, ಚಿಲಕ ಎಳೆದು, “ತಗೋ, ಖಾಲಿ,” ಎಂದು ಕೊಟ್ಟ. ರೆನೇ ತೆಗೆದುಕೊಂಡವಳು ವೆಲ್ಡಾ ಹೇಳಿದಂತೆ ಒಳಗೆ ನೋಡಿ ಕಿರುಬೆರಳು ಹಾಕಿದಳು.

“ಏನು ಹುಡುಕ್ತಿದೀಯ?”

“ಏನಿಲ್ಲ ಮಾವ. ಹಂಗೆ ಮಾಡ್ಬೇಕಂತೆ.”

“ನನ್ನ ಕೈಯಿಂದ ತಗೊಂಡು ಮತ್ತೆ ಬೆರಳು ಹಾಕಿ ನೋಡ್ತೀಯ? ನಿನ್ನ ಗಂಡ ಹುಟ್ಟೋಕೂ ಮುಂಚೆಯಿಂದ ಬಂದೂಕು ಖಾಲಿ ಮಾಡ್ತಾ ಬಂದೋನು ನಾನು.”

“ನಿಮ್ಮ ಮೇಲೆ ಅನುಮಾನ ಇಲ್ಲ...”

“ಒಲೆ ಮೇಲೆ ಪಾತ್ರೆ ಮರೆತೆ ಅಂತ ಎಲ್ಲಾದ್ರಲ್ಲೂ ಮರೀತೀನಾ?” ಕುರ್ಚಿ ಮಡಿಸಿಕೊಂಡು ಮನೆಯತ್ತ ಹೊರಟುಬಿಟ್ಟ. ಎರಡು ದಿನ ಸೊಸೆಯೊಡನೆ ಮಾತಿಲ್ಲ. ಉಪ್ಪು ಬೇಕಾದರೆ “ಬ್ರಿನ್, ಉಪ್ಪು,” ಎನ್ನುತ್ತಿದ್ದ, ಉಪ್ಪಿನ ಬಟ್ಟಲು ರೆನೇಯ ಕೈಹತ್ತಿರವೇ ಇದ್ದರೂ.

ಮೂರನೆಯ ಬೆಳಿಗ್ಗೆ ರೆನೇ ಹಳ್ಳದ ದಂಡೆಯಲ್ಲಿ ಒಂದು ಕಯೋಟಿ ಹೊಡೆದಳು. ಒಂದೇ ಗುಂಡು. ಅದರ ಹಿಂದೆ ದಿಬ್ಬದ ಮಣ್ಣಿತ್ತು. ಅದನ್ನು ಬಾಲ ಹಿಡಿದು ಎಳೆದು ತಂದಾಗ ಮುದುಕ ಅಂಗಳಕ್ಕೆ ಬಂದು, ಬಾಗಿ, ಗಾಯದ ಜಾಗವನ್ನು ಬೆರಳಿನಿಂದ ಹುಡುಕಿದ.

“ಎಷ್ಟು ದೂರ?”

“ಇನ್ನೂರು ಹೆಜ್ಜೆ.”

“ಹೂಂ,” ಎಂದ. ಆ ಮಧ್ಯಾಹ್ನ ಅವನೇ ಆಲೂಗಡ್ಡೆ ಬೇಯಿಸಿ, ಹಿಟ್ಟು ಕಲಸಿ, ಸತ್ತ ಹೆಂಡತಿ ಆಗ್ನೆಸಳ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ ಲೆಫ್ಸೆ ಸುಟ್ಟ. ಬೆಣ್ಣೆ ಸಕ್ಕರೆ ಸವರಿ ಸುತ್ತಿದ ರೊಟ್ಟಿಯ ಮೊದಲನೆಯದನ್ನು ಸೊಸೆಯ ತಟ್ಟೆಗೆ ಹಾಕಿದ. ಒಲೆ ಹಚ್ಚುವಾಗಲೂ ಆರಿಸುವಾಗಲೂ ಬ್ರಿನ್ ಪಕ್ಕದಲ್ಲೇ ನಿಂತಿದ್ದಳು; ಅವಳು ಯಾಕೆ ನಿಂತಿದ್ದಾಳೆಂದು ಅವನಿಗೆ ಗೊತ್ತಿತ್ತು. 

ಅದು ಆದದ್ದು ಮುಂದಿನ ಶನಿವಾರ. ಬೆಳಿಗ್ಗೆ ಎಂಟರ ಹೊತ್ತಿಗೆ ರೆನೇ ಹುಲ್ಲುಗಾವಲಿನಿಂದ ಬರುತ್ತಿದ್ದಳು. ಐದು ತೋಟಾ ತುಂಬಿಕೊಂಡು ಹೋಗಿ, ಒಂದನ್ನು ಹಾರಿಸಿ, ಗುರಿ ತಪ್ಪಿಸಿಕೊಂಡು ಬಂದಿದ್ದಳು. ದೊಡ್ಡಿಯಿಂದ ಹಾಲ್ವರ್ ಕೂಗಿದ: “ಬೇಗ ಬಾ! ಎರಡು ಮರಿ ಒಂದಕ್ಕೊಂದು ಸಿಕ್ಕಿಹಾಕ್ಕೊಂಡಿವೆ. ನನ್ನ ಕೈ ದಪ್ಪ, ಒಳಗೆ ಹೋಗ್ತಿಲ್ಲ.”

ರೆನೇ ತೋಳು ಮಡಿಸಿಕೊಳ್ಳುತ್ತ ರೈಫಲನ್ನು ಅವನ ಕೈಗಿಟ್ಟಳು. “ಇದನ್ನ ಖಾಲಿ ಮಾಡಿ ಒಳಗಿಟ್ಟು ಬನ್ನಿ ಮಾವ.”

ಅವನು ಅಡುಗೆಮನೆಗೆ ಹೋಗಿ, ಇಟ್ಟು, ಹಿಂದಿರುಗಿ ಬಂದ. ಆಮೇಲಿನ ಅರ್ಧ ಗಂಟೆ ಇಬ್ಬರೂ ಹುಲ್ಲಿನ ಮೇಲೆ ಮಂಡಿಯೂರಿದ್ದರು. ಕೈ ರೆನೇಯದು, ಮಾತು ಮುದುಕನದು.

“ಕಾಲು ಸಿಕ್ತಾ? ಅದು ಮುಂಗಾಲೋ ಹಿಂಗಾಲೋ? ಮಂಡಿ ಯಾವ ಕಡೆ ಮಡಿಸುತ್ತೆ ನೋಡು.”

“ಮುಂಗಾಲು. ಆದ್ರೆ ತಲೆ ಇದರದಲ್ಲ ಅನ್ನಿಸ್ತಿದೆ.”

“ಹಂಗಾದ್ರೆ ಆ ತಲೆಯವನನ್ನ ಹಿಂದಕ್ಕೆ ತಳ್ಳು. ಮೆಲ್ಲಗೆ. ಸರತಿಯಲ್ಲಿ ಬರೋಕೆ ಹೇಳು ಅವನಿಗೆ.”

ಎರಡೂ ಬದುಕಿದವು. ಎರಡನೆಯದು ಉಸಿರೆಳೆಯದೆ ಇದ್ದಾಗ ಹಾಲ್ವರ್ ಅದನ್ನು ಹಿಂಗಾಲು ಹಿಡಿದು ಎರಡು ಸುತ್ತು ತೂಗಿ, ಮೂಗಿಗೆ ಹುಲ್ಲುಕಡ್ಡಿ ಹಾಕಿದ. ಅದು ಸೀನಿತು. ಇಬ್ಬರೂ ನಕ್ಕರು. ಮನೆಗೆ ನಡೆಯುವಾಗ ಮುದುಕ, “ಆಗ್ನೆಸಳ ಕೈ ನಿನ್ನ ಕೈಯಷ್ಟೇ ಇತ್ತು,” ಎಂದ. ಹತ್ತೊಂಬತ್ತು ವರ್ಷದಲ್ಲಿ ಅವನು ಸೊಸೆಯನ್ನು ಹೊಗಳಿದ ಮಾತು ಅದೊಂದೇ.

ಅಡುಗೆಮನೆಯಲ್ಲಿ ರೈಫಲ್ ಬೀರಿನ ಪಕ್ಕಕ್ಕೆ ಒರಗಿತ್ತು. ಬೀಗದ ಕೈ ರೆನೇಯ ಜೇಬಿನಲ್ಲಿತ್ತಲ್ಲ. ಮೇಜಿನ ಮೇಲೆ ಕಿತ್ತಿಟ್ಟ ಡಬ್ಬಿ, ಅದರ ಪಕ್ಕ ಒಂದು ಬಿಡಿ ತೋಟಾ. ಬ್ರಿನ್ ಹಿಂದಿನ ಪಡಸಾಲೆಯಲ್ಲಿ ತಬ್ಬಲಿ ಮರಿಗಳಿಗೆ ಹಾಲು ಕಲಸುತ್ತಿದ್ದವಳು ಬಿಸಿನೀರಿಗೆಂದು ಒಳಗೆ ಬಂದಳು.

“ಖಾಲಿ ಮಾಡಿದೀನಿ,” ಎಂದ ಹಾಲ್ವರ್, ಕೈ ತೊಳೆಯುತ್ತ. “ಸ್ಪ್ರಿಂಗೊಂದು ಇಳಿಸಿ ಒಳಗಿಡು.”

ರೆನೇ ರೈಫಲ್ ಎತ್ತಿಕೊಂಡಳು. ಬೆರಳು ಚಿಲಕದವರೆಗೆ ಹೋಯಿತು. ಮುದುಕ ಟವೆಲಿನಲ್ಲಿ ಕೈ ಒರೆಸುತ್ತ ಅವಳನ್ನೇ ನೋಡುತ್ತಿದ್ದ. ದೊಡ್ಡಿಯಲ್ಲಿ ನಕ್ಕ ನಗೆ ಮುಖದ ಮೇಲೆ ಇನ್ನೂ ಉಳಿದಿತ್ತು. ಅವಳು ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ನಳಿಗೆಯನ್ನು ಗೋಡೆಗೆ ತಿರುಗಿಸಿ ಟ್ರಿಗರ್ ಎಳೆದಳು.

ಮುಚ್ಚಿದ ಮನೆಯೊಳಗೆ ಆ ಸದ್ದು ಸದ್ದಿನಂತಿರಲಿಲ್ಲ, ಕಪಾಳಕ್ಕೆ ಹೊಡೆದಂತಿತ್ತು. ಬ್ರಿನ್‌ಳ ಕೈಯ ಬಿಸಿನೀರು ನೆಲಕ್ಕೆ ಚೆಲ್ಲಿತು. ಸ್ವಲ್ಪ ಹೊತ್ತು ಯಾರಿಗೂ ಯಾರ ಮಾತೂ ಕೇಳಿಸಲಿಲ್ಲ. ಬಾಯಿ ಮಾತ್ರ ಅಲ್ಲಾಡುತ್ತಿತ್ತು. ಆಮೇಲೆ ಪಡಸಾಲೆಯ ಮರಿಗಳ ಕೂಗು ಬಹಳ ದೂರದಿಂದ ಬಂದಂತೆ ಕೇಳಿಸಿತು.

ಗುಂಡು ಗೋಡೆ ತೂರಿ, ಪಡಸಾಲೆಯ ಎದುರು ಗೋಡೆಗಿದ್ದ ಫ್ರೀಜರ್ ಪೆಟ್ಟಿಗೆಗೆ ಹೊಕ್ಕಿತ್ತು. ಪೆಟ್ಟಿಗೆಯ ಮುಚ್ಚಳದ ಮೇಲೆ ಬ್ರಿನ್ ಕಲಸುತ್ತಿದ್ದ ಹಾಲಿನ ಸೀಸೆ ಅಲುಗದೆ ನಿಂತಿತ್ತು. ರಂಧ್ರ ಅದರ ನೇರ ಕೆಳಗೆ, ಒಂದು ಗೇಣು ಅಂತರದಲ್ಲಿತ್ತು. ಬ್ರಿನ್ ಸೀಸೆಯ ಮುಂದೆ ಹೋಗಿ, ದಿನಾ ನಿಲ್ಲುವ ಜಾಗದಲ್ಲೇ ನಿಂತು ನೋಡಿದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. 

ಹಾಲ್ವರ್ ಮೇಜಿನ ಬಳಿ ಡಬ್ಬಿಯನ್ನು ಬರಿದು ಮಾಡುತ್ತಿದ್ದ. ಒಳಗೆ ಎರಡು, ಹೊರಗೆ ಒಂದು. ಮತ್ತೆ ತುಂಬಿ, ಮತ್ತೆ ಬರಿದು ಮಾಡಿದ. ಮೂರೇ. ನಾಲ್ಕಿರಬೇಕಿತ್ತು.

“ನಾನು ಚಿಲಕ ಎಳೆದೆ,” ಎಂದ. “ಒಂದು ಹಾರಿ ಬಿತ್ತು. ಕಣ್ಣಾರೆ ಕಂಡೆ. ಆಮೇಲೆ ಡಬ್ಬಿ ತೆಗೆದೆ.”

“ಮಾವ, ಕೂತ್ಕೊಳ್ಳಿ.”

“ನನ್ನ ಬಂದೂಕಲ್ಲಿ ಹಾರಿ ಬಿತ್ತು ಅಂದ್ರೆ ಮುಗೀತು. ನಾನು ತಳ್ಳದೆ ಇನ್ನೊಂದು ಒಳಗೆ ಹೋಗಲ್ಲ.”

“ಗೊತ್ತು ಮಾವ. ಕೂತ್ಕೊಳ್ಳಿ.”

ಅವನು ಕೂರಲಿಲ್ಲ. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮಧ್ಯಾಹ್ನದ ಊಟಕ್ಕೂ ಬರಲಿಲ್ಲ.

ಸತ್ತದ್ದು ಫ್ರೀಜರ್ ಒಂದೇ. ಅದರೊಳಗೆ ಒಂದೂವರೆ ಕುರಿಯ ಮಾಂಸ, ಶರತ್ಕಾಲದಲ್ಲಿ ಲೈಲ್ ಹೊಡೆದ ಎರಡು ಜಿಂಕೆ, ಡೆಲ್ಬರ್ಟ್ ಕೊಟ್ಟ ಹಂದಿಯ ತೊಡೆ ಇದ್ದವು. ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಅಡಿಯಿಂದ ಕೆಂಪು ನೀರು ಇಳಿಯಲು ಶುರುವಾಯಿತು. ಮಾಂಸ ಕಾಯುವುದಿಲ್ಲವಲ್ಲ. ರೆನೇ ಆಗ್ನೆಸಳ ದೊಡ್ಡ ಪ್ರೆಶರ್ ಪಾತ್ರೆ ಇಳಿಸಿ, ಗಾಜಿನ ಜಾಡಿಗಳನ್ನು ಕುದಿಸಿ, ಮಾಂಸ ತುಂಡು ಮಾಡಿ ತುಂಬತೊಡಗಿದಳು. ಒಂದು ಪಾತ್ರೆಗೆ ಏಳು ಜಾಡಿ, ತೊಂಬತ್ತು ನಿಮಿಷ. ಮನೆಯ ಕಿಟಕಿಗಳೆಲ್ಲ ಆವಿಗೆ ಬೆವತವು. ನಡುವೆ ದೊಡ್ಡಿಗೆ ಓಡಿ ಕುರಿ ನೋಡಿ ಬರಬೇಕು.

“ಅಪ್ಪನಿಗೆ ಫೋನ್ ಮಾಡಿ ಹೇಳು,” ಎಂದಳು ಬ್ರಿನ್, ಮೂಳೆ ಬಿಡಿಸುತ್ತ.

“ಏನಂತ?”

“ಆಗಿದ್ದನ್ನ.”

“ಹೇಳಿದ ಮರುದಿನವೇ ಅಜ್ಜನ ಹೆಸರು ಬರೆಸ್ತಾನೆ. ಇನ್ನೂ ಅರವತ್ತು ಕುರಿ ಈಯೋದಿವೆ.”

“ಅಂದ್ರೆ ಅಜ್ಜ ಬೇಕಾಗಿರೋದು ಕುರಿಗೆ.”

“ಬಾಯಿ ಮುಚ್ಚು.”

“ಮುಚ್ತೀನಿ. ನಾನು ಬಿಸಿನೀರಿಗೆ ಬರದೆ ಇದ್ದಿದ್ರೆ ಪೂರ್ತಿಯಾಗೇ ಮುಚ್ತಿತ್ತು.”

ರೆನೇಯ ಕೈ ನಿಂತಿತು. ಚಾಕು ಕೆಳಗಿಟ್ಟಳು. “ಟ್ರಿಗರ್ ಎಳೆದೋಳು ನಾನು ಬ್ರಿನ್. ಅಜ್ಜ ಅಲ್ಲ. ವೆಲ್ಡಾ ನನ್ನಿಂದ ಮೂರು ಸಲ ಹೇಳಿಸಿದ್ಲು. ನಾನು ನೋಡ್ಲಿಲ್ಲ. ಯಾಕೆ ನೋಡ್ಲಿಲ್ಲ ಗೊತ್ತಾ? ಅವರು ಮತ್ತೆ ಎರಡು ದಿನ ಮಾತು ಬಿಡ್ತಾರೆ ಅಂತ.”

 ಬ್ರಿನ್ ಅಮ್ಮನ ಚಾಕು ತೆಗೆದುಕೊಂಡು ತಾನೇ ಮಾಂಸ ಕತ್ತರಿಸತೊಡಗಿದಳು.

ಗೋಡೆಯ ರಂಧ್ರದ ಮೇಲೆ ರೆನೇ ಧಾನ್ಯದ ಅಂಗಡಿಯ ಕ್ಯಾಲೆಂಡರ್ ನೇತುಹಾಕಿದಳು. ಉಳಿದ ಮಾಂಸವನ್ನು ಹುರಿದರು, ಬೇಯಿಸಿದರು, ಡೆಲ್ಬರ್ಟನ ಮನೆಗೆ ಕಳಿಸಿದರು. ಐದು ದಿನ ಬೆಳಿಗ್ಗೆಯೂ ಜಿಂಕೆ, ಸಂಜೆಯೂ ಜಿಂಕೆ. ಹಾಲ್ವರ್ ಊಟಕ್ಕೆ ಬಂದು, ತಟ್ಟೆಯಲ್ಲಿ ಬಿದ್ದದ್ದನ್ನು ತಿಂದು, ದೊಡ್ಡಿಗೆ ಹೋಗುತ್ತಿದ್ದ. ಬೀರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಯೋಟಿಗಳು ಇನ್ನೆರಡು ಮರಿ ಒಯ್ದವು. ರೆನೇ ಬೆಳಿಗ್ಗೆ ಹೊರಗೆ ಹೋಗುತ್ತಿದ್ದಳು, ಆದರೆ ರೈಫಲ್ ಒಯ್ಯುತ್ತಿರಲಿಲ್ಲ. ಹಳೆಯ ತಗಡಿನ ಡಬ್ಬ ಬಡಿಯುತ್ತ ಹೋಗುತ್ತಿದ್ದಳು.

ಶುಕ್ರವಾರ ಲೈಲ್ ಬಂದ. ಬೂಟು ಬಿಚ್ಚುತ್ತಲೇ ಗೋಡೆಗೆ ಸಾಲಾಗಿ ನಿಂತ ಜಾಡಿಗಳನ್ನು ಕಂಡ.

“ಏನಿದು? ಯುದ್ಧಗಿದ್ಧ ಶುರುವಾಗುತ್ತಾ?”

“ಫ್ರೀಜರ್ ಕೆಟ್ಟುಹೋಯ್ತು,” ಎಂದಳು ರೆನೇ.

“ಅದಕ್ಕೆ ಇನ್ನೂ ನಾಲ್ಕು ವರ್ಷ ಆಗಿಲ್ಲ. ಇರು, ಊಟ ಆದ್ಮೇಲೆ ಬಿಚ್ಚಿ ನೋಡ್ತೀನಿ.”

“ಬಿಚ್ಚೋದೇನು ಬೇಡ, ಬಿಡು. ಹೊಸದು ತಗೊಂಡ್ರಾಯ್ತು.”

“ಹೊಸದಾ? ಸುಮ್ನೆ ಒಂದು ತಂತಿ ಕಿತ್ತುಬಂದಿರುತ್ತೆ.”

ಊಟಕ್ಕೆ ಕುರಿಮಾಂಸದ ಸಾರು. ಬ್ರಿನ್ ಚಮಚದಲ್ಲಿ ಸಾರನ್ನು ಕಲಕುತ್ತ ಕೂತಿದ್ದಳು. ಲೈಲ್ ಬಾವಿಯ ಮೇಸ್ತ್ರಿಯ ಬೈಗುಳ, ದಾರಿಯ ಹಿಮ, ಎಲ್ಲ ಹೇಳಿದ. ಯಾರೂ ನಗಲಿಲ್ಲ. ಹಾಲ್ವರ್ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸಿ ಬಾಯಿಗೆ ಹಾಕಿಕೊಂಡು, ಪೂರ್ತಿ ಅಗಿದು ನುಂಗಿದ ಮೇಲೆ ಮಾತಾಡಿದ.

“ಫ್ರೀಜರ್ ರಿಪೇರಿ ಆಗಲ್ಲ, ಲೈಲ್. ಅದರೊಳಗೆ ಗುಂಡು ಇದೆ. ನಾನು ಹಾಕಿದ್ದು.”

“ಮಾವ,” ಎಂದಳು ರೆನೇ. “ಅವರಲ್ಲ, ಟ್ರಿಗರ್ ಎಳೆದಿದ್ದು ನಾನು.”

“ಇವಳ ಕೈಗೆ ಖಾಲಿ ಅಂತ ಕೊಟ್ಟೋನು ನಾನು.”

“ಕೊಟ್ರು, ನಾನು ನೋಡ್ಬೇಕಾಗಿತ್ತು.”

“ನೋಡಿದ್ರೆ ಕೋಪ ಮಾಡ್ಕೊಳ್ಳೋನೂ ನಾನೇ.”

ಲೈಲ್ ಇಬ್ಬರ ಮುಖವನ್ನೂ ನೋಡಿದ. ಎದ್ದು ಪಡಸಾಲೆಗೆ ಹೋದ. ಬಂದು ಕ್ಯಾಲೆಂಡರ್ ಎತ್ತಿ ನೋಡಿದ. ಮತ್ತೆ ಪಡಸಾಲೆಗೆ ಹೋದ. ಈ ಸಲ ಬಹಳ ಹೊತ್ತು ಬರಲಿಲ್ಲ. ಬಂದಾಗ ಮಗಳನ್ನು ಕೇಳಿದ:

“ನೀನು ಎಲ್ಲಿದ್ದೆ?”

“ಬಿಸಿನೀರು ತಗೊಳ್ಳೋಕೆ ಒಳಗೆ ಬಂದಿದ್ದೆ.”

“ಅದಕ್ಕೆ ಮುಂಚೆ?”

ಬ್ರಿನ್ ಅಜ್ಜನ ಕಡೆ ನೋಡಿದಳು. ಸುಳ್ಳು ಹೇಳಲು ಬಾಯಿ ತೆರೆದಳು. ಹಾಲ್ವರ್ ಮೊದಲೇ ಹೇಳಿದ: “ಅಲ್ಲೇ ನಿಂತಿದ್ಲು.”

ಲೈಲ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಬಣ್ಣದ ಕಾಗದ ಕಿತ್ತು, ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡ. “ಸೋಮವಾರ ಹೋಗಿ ನೋಡ್ಕೊಂಡು ಬರೋಣ ಅಪ್ಪ,” ಎಂದ. “ಸುಮ್ನೆ ನೋಡೋಕೆ.”

“ಆಯ್ತು,” ಎಂದ ಹಾಲ್ವರ್.

ಸೋಮವಾರ ಬೆಳಿಗ್ಗೆ ಮುದುಕ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದ. ಗಡ್ಡ ಬೋಳಿಸಿಕೊಂಡಿದ್ದ, ಒಂದು ಕೆನ್ನೆಯಲ್ಲಿ ಸ್ವಲ್ಪ ಬಿಟ್ಟುಹೋಗಿತ್ತು. ಲೈಲ್ ಗಾಡಿಯ ಕೀಲಿ ಕೈಯಲ್ಲಿ ಹಿಡಿದು ಕಾಫಿ ಮುಗಿಸುತ್ತಿದ್ದ. ಬ್ರಿನ್ ಶಾಲೆಯ ಬಸ್ಸು ತಪ್ಪಿಸಿಕೊಂಡಿದ್ದಳು, ಬೇಕೆಂದೇ. ರೆನೇ ದೊಡ್ಡಿಯಿಂದ ಬಂದು ಬೀರಿನ ಬೀಗ ತೆಗೆದು ಹೊಸ ರೈಫಲ್ ಹೊರತೆಗೆದಳು.

“ಈಗ ಯಾಕೆ ಅದು?” ಎಂದ ಲೈಲ್.

“ಹಳ್ಳದ ದಂಡೆಯಲ್ಲಿ ಮೂರು ಕಯೋಟಿ ಕೂತಿವೆ. ನಾನು ಹೋಗ್ಬೇಕು. ಅಷ್ಟರಲ್ಲಿ ಕಪ್ಪು ಮುಖದ ಕುರಿ ಈಯೋ ಹಾಗಿದೆ, ಅದರ ಮರಿ ಅಡ್ಡ ತಿರುಗಿದೆ. ಬ್ರಿನ್ ಕೈ ಒಳಗೆ ಹೋಗುತ್ತೆ, ಆದ್ರೆ ಹೇಳಿಕೊಡೋರು ಬೇಕು. ನಿನಗೆ ಅದನ್ನ ತಿರುಗಿಸೋಕೆ ಬರುತ್ತಾ?”

 ಲೈಲನಿಗೆ ಬರುತ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು.

“ಕುರಿ ವಿಷ್ಯ ಅಲ್ಲ ರೆನೇ. ಬಂದೂಕಿನ ವಿಷ್ಯ.”

“ಹೌದು, ಅದೇ ಹೇಳ್ತಿರೋದು.” ರೆನೇ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಚಿಲಕ ಎಳೆದು ಹಿಂದಕ್ಕೆ ನಿಲ್ಲಿಸಿದಳು. ಒಳಗೆ ನೋಡಿದಳು, ಕಿರುಬೆರಳು ಹಾಕಿದಳು. ಆಮೇಲೆ ಅದನ್ನು ಮಾವನ ಮುಂದೆ ಹಿಡಿದಳು. “ಮಾವ, ಖಾಲಿ.”

ಮುದುಕ ಕೈ ಚಾಚಿ ತೆಗೆದುಕೊಂಡ. ಆ ಶನಿವಾರದಿಂದ ಅವನು ಯಾವ ಬಂದೂಕನ್ನೂ ಮುಟ್ಟಿರಲಿಲ್ಲ. ಕಿಟಕಿಯ ಬೆಳಕಿಗೆ ತಿರುಗಿಸಿ, ಕಾಣದ ಕಣ್ಣಿನಿಂದ ಬಹಳ ಹೊತ್ತು ಒಳಗೆ ನೋಡಿದ. ಆಮೇಲೆ ತನ್ನ ದಪ್ಪನೆಯ, ಗಂಟು ಬಿದ್ದ ಕಿರುಬೆರಳನ್ನು ಗುಂಡು ಕೂರುವ ಗೂಡಿನೊಳಗೆ ತುರುಕಿದ. ಸುಲಭವಾಗಿ ಹೋಗಲಿಲ್ಲ. ತುದಿಯಷ್ಟೇ ಹೋಯಿತು. ಅಷ್ಟು ಸಾಕಾಗಿತ್ತು. ಇನ್ನೊಬ್ಬರು ಖಾಲಿ ಮಾಡಿಕೊಟ್ಟ ಬಂದೂಕನ್ನು ಅವನು ಹೀಗೆ ನೋಡಿದ್ದು ಜೀವಮಾನದಲ್ಲಿ ಅದೇ ಮೊದಲು.

ಅವನು ಅದನ್ನು ಮಗನ ಕಡೆ ಚಾಚಿದ.

“ನೋಡು.”

“ನೀನು ನೋಡಿದೆಯಲ್ಲಪ್ಪ.”

“ಅದಕ್ಕೇ ನೋಡು ಅಂದಿದ್ದು.”

ಲೈಲ್ ಕೀಲಿಯನ್ನು ಮೇಜಿನ ಮೇಲಿಟ್ಟ. ಬೇರೆ ಎಲ್ಲಿ ಇಡಬೇಕೆಂದು ಅವನಿಗೆ ತೋಚಲಿಲ್ಲ. ರೈಫಲ್ ತೆಗೆದುಕೊಂಡು, ನೋಡಿ, ಬೆರಳು ಹಾಕಿದ. ಆಮೇಲೆ ಯಾರೂ ಹೇಳದೆಯೇ ಬ್ರಿನ್ ಎದ್ದು ಬಂದು ಅಪ್ಪನ ಕೈಯಿಂದ ಈಸಿಕೊಂಡಳು. ಅವಳ ಬೆರಳು ಸಣ್ಣದು, ಪೂರ್ತಿ ಹೋಯಿತು. ಅವಳು ಅದನ್ನು ಬೇಗ ಹೊರಗೆ ತೆಗೆಯಲಿಲ್ಲ.

“ಬೀಗದ ಕೈ ನಂಗೆ ಬೇಡ,” ಎಂದ ಹಾಲ್ವರ್. “ಒಲೆ ಗುಂಡಿಯೂ ಬೇಡ. ಕೈಗೆ ಕೊಟ್ಟಿದ್ದನ್ನ ಮಾತ್ರ ನೋಡ್ತೀನಿ.”

ದೊಡ್ಡಿಯಿಂದ ಕುರಿ ಕೂಗಿತು. ರೆನೇ ಡಬ್ಬಿ ಎತ್ತಿಕೊಂಡಳು. ಲೈಲ್ ಜೇಬಿನ ಕಾಗದದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ; ಅದನ್ನು ಹೊರತೆಗೆಯಲೂ ಇಲ್ಲ, ಹರಿಯಲೂ ಇಲ್ಲ.

“ಉಣ್ಣೆ ಕತ್ತರಿಸೋವರೆಗೆ,” ಎಂದ ಕೊನೆಗೆ. “ಜೂನ್‌ವರೆಗೆ. ಆಮೇಲೆ ಮತ್ತೆ ಮಾತಾಡೋಣ.”

“ಜೂನ್‌ವರೆಗೆ,” ಎಂದು ಮುದುಕ ಎದ್ದ. ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಅಂಗಿಯ ತೋಳು ಮಡಿಸುತ್ತ ಬಾಗಿಲವರೆಗೆ ಹೋದವನು ಹಿಂದೆ ತಿರುಗಿ, “ಆಗ್ನೆಸ್, ಸಾಬೂನು ತಗೊಂಡು ಬಾ,” ಎಂದ.

ಯಾರೂ ಅವನನ್ನು ತಿದ್ದಲಿಲ್ಲ. ಬ್ರಿನ್ ಸಾಬೂನು ತೆಗೆದುಕೊಂಡು, ಕಿರುಬೆರಳಿನ ಎಣ್ಣೆಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ, ಅಜ್ಜನ ಹಿಂದೆ ಹೋದಳು.